ದಾಳದ ಲೆಕ್ಕ: ಟೇಬಲ್‌ಟಾಪ್ ಯುದ್ಧದಾಟದಲ್ಲಿ ಎರಡು ತುಕಡಿಗಳನ್ನು ತೂಗಿ ನೋಡುವ ಬಗೆ

100 ಪಾಯಿಂಟ್‌ನ ಬಂದೂಕು ತುಕಡಿ ಒಳ್ಳೆಯದೋ, 120 ಪಾಯಿಂಟ್‌ನ ಫಿರಂಗಿ ತುಕಡಿ ಒಳ್ಳೆಯದೋ? ಇಂತಿಷ್ಟು ಪಾಯಿಂಟ್ ಬೆಲೆಯ ತುಕಡಿಗಳನ್ನು ಆರಿಸಿ ಸೈನ್ಯದ ಪಟ್ಟಿ ಬರೆಯಲು ಕೂತವರೆಲ್ಲ ಕೇಳಿಕೊಳ್ಳುವ ಪ್ರಶ್ನೆ ಇದು. ಆದರೆ ಹೀಗೆ ಕೇಳಿದರೆ ಉತ್ತರ ಸಿಗದು, ಏಕೆಂದರೆ ಇದು ಅರ್ಧ ಪ್ರಶ್ನೆ. ಯಾರ ಮೇಲೆ ಗುಂಡು ಹಾರಿಸಬೇಕು ಎನ್ನುವುದು ಉಳಿದರ್ಧ. ತುಕಡಿಯ ಬೆಲೆ ಆ ತುಕಡಿಯೊಳಗೆ ಕೂತಿರುವುದಿಲ್ಲ. ತುಕಡಿ ಮತ್ತು ಅದರ ಗುರಿ, ಈ ಜೋಡಿಯಲ್ಲಿ ಇರುತ್ತದೆ. ಗುರಿಯನ್ನು ಮೊದಲು ಬರೆದುಕೊಂಡರೆ ಮಿಕ್ಕಿದ್ದು ಗುಣಾಕಾರ, ಭಾಗಾಕಾರ ಬಲ್ಲವರಿಗೆ ಹತ್ತು ನಿಮಿಷದ ಕೆಲಸ.

ಇಲ್ಲಿ ವಾರ್‌ಹ್ಯಾಮರ್ 40,000 ಆಟದ ಹಿಟ್, ವೂಂಡ್, ಸೇವ್, ಡ್ಯಾಮೇಜ್ ಎಂಬ ಸರಣಿಯನ್ನು ಇಟ್ಟುಕೊಳ್ಳೋಣ. ಗುಂಡು ತಾಗಿತೇ (ಹಿಟ್), ಗಾಯವಾಯಿತೇ (ವೂಂಡ್), ಕವಚ ತಡೆಯಿತೇ (ಸೇವ್) ಎಂದು ಒಂದೊಂದಕ್ಕೂ ದಾಳ ಎಸೆಯುತ್ತಾರೆ. ಕವಚ ತಡೆಯದಿದ್ದರೆ ಡ್ಯಾಮೇಜ್‌ನಷ್ಟು ಜೀವಬಲ ಹೋಗುತ್ತದೆ; ಆ ಜೀವಬಲವನ್ನೂ ವೂಂಡ್ ಎಂದೇ ಎಣಿಸುತ್ತಾರೆ. 3+ ಅಂದರೆ ದಾಳದಲ್ಲಿ 3 ಅಥವಾ ಹೆಚ್ಚು ಬೀಳಬೇಕು. ಎಪಿ ಅಂದರೆ ಕವಚ ಭೇದಿಸುವ ಶಕ್ತಿ. ತುಕಡಿಗಳ ಅಂಕಿಗಳು ಮಾತ್ರ ಲೆಕ್ಕ ಸುಲಭವಾಗಲಿ ಎಂದು ಕಟ್ಟಿಕೊಂಡವು. ಯಾವುದೇ ಪುಸ್ತಕದಲ್ಲಿ ಹುಡುಕಬೇಡಿ. ಬೇರೆ ಆಟದಲ್ಲಿ ಮೆಟ್ಟಿಲುಗಳ ಸಂಖ್ಯೆ ಹೆಚ್ಚುಕಡಿಮೆ ಆಗಬಹುದು, ಲೆಕ್ಕದ ದಾರಿ ಬದಲಾಗುವುದಿಲ್ಲ.

ಬಂದೂಕು ತುಕಡಿ: 10 ಮಾಡೆಲ್ (ಗೊಂಬೆ ಸೈನಿಕರು), 100 ಪಾಯಿಂಟ್. ಒಬ್ಬೊಬ್ಬರಿಗೆ 2 ಶಾಟ್, 3+ ಗೆ ಹಿಟ್, ಬಲ 4, ಎಪಿ 0, ಡ್ಯಾಮೇಜ್ 1.
ಫಿರಂಗಿ ತುಕಡಿ: 3 ಮಾಡೆಲ್, 120 ಪಾಯಿಂಟ್. ಒಬ್ಬೊಬ್ಬರಿಗೆ 2 ಶಾಟ್, 3+ ಗೆ ಹಿಟ್, ಬಲ 9, ಎಪಿ -3, ಡ್ಯಾಮೇಜ್ 3.

ಗುರಿಗಳು ಮೂರು. ಹಗುರ ಕಾಲಾಳು: ಗಟ್ಟಿತನ 3, ಸೇವ್ 5+, 1 ವೂಂಡ್, ತಲಾ 6 ಪಾಯಿಂಟ್. ಕವಚದ ಕಾಲಾಳು: ಗಟ್ಟಿತನ 4, ಸೇವ್ 3+, 2 ವೂಂಡ್, ತಲಾ 20 ಪಾಯಿಂಟ್. ಟ್ಯಾಂಕ್: ಗಟ್ಟಿತನ 9, ಸೇವ್ 3+, 12 ವೂಂಡ್, 150 ಪಾಯಿಂಟ್.

ಹಂತ 1: ಬಾಯಿಪಾಠ ಆಗಬೇಕಾದ ಐದು ಅಂಕಿ

ಆರು ಮುಖದ ದಾಳದಲ್ಲಿ 2+ ಬೀಳುವುದು 5/6, 3+ ಬೀಳುವುದು 4/6, 4+ ಅಂದರೆ 3/6, 5+ ಅಂದರೆ 2/6, 6 ಅಂದರೆ 1/6. ಶೇಕಡಾ ಲೆಕ್ಕದಲ್ಲಿ 83, 67, 50, 33, 17. ಲೆಕ್ಕ ಮಾಡುವಾಗ ಶೇಕಡಾ ಬಿಟ್ಟು ಭಿನ್ನರಾಶಿಯನ್ನೇ ಬಳಸಿ. ಶೇಕಡಾವನ್ನು ಪ್ರತಿ ಹಂತದಲ್ಲೂ ಪೂರ್ಣಾಂಕಕ್ಕೆ ತಿರುಗಿಸುತ್ತಾ ಹೋದರೆ ಕೊನೆಗೆ ಬರುವ ಉತ್ತರ ಎಲ್ಲೋ ಜಾರಿರುತ್ತದೆ.

ವೂಂಡ್ ರೋಲ್‌ಗೆ ಎಷ್ಟು ಬೇಕು ಎಂಬುದನ್ನು ಬಲ ಮತ್ತು ಗಟ್ಟಿತನದ ಹೋಲಿಕೆ ಹೇಳುತ್ತದೆ. 2017ರ 8ನೇ ಆವೃತ್ತಿಯಿಂದ ಬಂದ ನಿಯಮ ಇದು: ಬಲ ಗಟ್ಟಿತನದ ಎರಡರಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ 2+, ಬರೀ ಹೆಚ್ಚಿದ್ದರೆ 3+, ಸಮ ಇದ್ದರೆ 4+, ಕಡಿಮೆ ಇದ್ದರೆ 5+, ಅರ್ಧ ಅಥವಾ ಅದಕ್ಕಿಂತ ಕಡಿಮೆ ಇದ್ದರೆ 6. ಬಲವನ್ನು 4ರಿಂದ 5ಕ್ಕೆ ಏರಿಸಿದರೆ ಗಟ್ಟಿತನ 3ರ ಎದುರು ಏನೂ ಸಿಗುವುದಿಲ್ಲ, ಎರಡೂ 3+ ಗೇ ನಿಲ್ಲುತ್ತವೆ. ಗಟ್ಟಿತನ 4ರ ಎದುರು 4+ ಹೋಗಿ 3+ ಆಗುತ್ತದೆ. ಆಯುಧದ ಅಂಕಿ ದೊಡ್ಡದಾಯಿತೆಂದು ಪಾಯಿಂಟ್ ಸುರಿಯುವ ಮೊದಲು ಅದು ಯಾವ ಮೆಟ್ಟಿಲು ದಾಟಿತು ಅಂತ ನೋಡಿ.

ಹಂತ 2: ಸರಪಳಿಯಂತೆ ಗುಣಿಸುತ್ತಾ ಹೋಗುವುದು

ಶಾಟ್‌ಗಳ ಸಂಖ್ಯೆ × ಹಿಟ್ ಆಗುವ ಭಾಗ × ವೂಂಡ್ ಆಗುವ ಭಾಗ × ಸೇವ್ ತಪ್ಪುವ ಭಾಗ. ಬಂದೂಕು ತುಕಡಿ ಹಗುರ ಕಾಲಾಳುಗಳ ಮೇಲೆ ಹಾರಿಸಿದರೆ:

20 × 4/6 = 13.33 ಹಿಟ್. ಬಲ 4, ಗಟ್ಟಿತನ 3, ಹಾಗಾಗಿ 3+ ಗೆ ವೂಂಡ್: 13.33 × 4/6 = 8.89. ಸೇವ್ 5+, ಅಂದರೆ ಆರರಲ್ಲಿ ನಾಲ್ಕು ಸಲ ತಪ್ಪುತ್ತದೆ: 8.89 × 4/6 = 5.93. ಒಂದು ಸುತ್ತಿಗೆ ಸರಾಸರಿ ಆರು ಜನ.

ಮೂರನೆಯ ಗುಣಾಕಾರದಲ್ಲೇ ಹೆಚ್ಚಿನವರು ಎಡವುವುದು. ಹಿಟ್ ಮತ್ತು ವೂಂಡ್‌ಗೆ ಗೆಲ್ಲುವ ಭಾಗ ತೆಗೆದುಕೊಂಡ ಕೈ ಸೇವ್‌ಗೂ ಅದನ್ನೇ ತೆಗೆದುಕೊಳ್ಳುತ್ತದೆ. ಸೇವ್ ಗೆದ್ದರೆ ಲಾಭ ಎದುರಾಳಿಗೆ, ಆದ್ದರಿಂದ ನಮ್ಮ ಲೆಕ್ಕಕ್ಕೆ ಬೇಕಾದದ್ದು ತಪ್ಪುವ ಭಾಗ. 5+ ಸೇವ್‌ಗೆ 2/6 ಅಲ್ಲ, 4/6.

ಎಪಿ ಸೇವ್ ರೋಲ್‌ನಿಂದ ಅಷ್ಟನ್ನು ಕಳೆಯುತ್ತದೆ. 3+ ಸೇವ್‌ಗೆ ಎಪಿ -3 ತಗುಲಿದರೆ 6 ಬೇಕಾಗುತ್ತದೆ, ತಪ್ಪುವುದು 5/6. 5+ ಸೇವ್‌ಗೆ ತಗುಲಿದರೆ 8+ ಆಗುತ್ತದೆ, ಅಂಥ ಗರವೇ ಇಲ್ಲ; ಪೂರ್ತಿ 1 ಎಂದು ಹಿಡಿಯಿರಿ. ಅಲ್ಲಿಂದಾಚೆಗಿನ ಎಪಿ ವ್ಯರ್ಥ. ಗುರಿಗೆ ಇನ್ವಲ್ನರಬಲ್ ಸೇವ್ ಇದ್ದರೆ ಅದಕ್ಕೆ ಎಪಿ ತಾಗುವುದಿಲ್ಲ. ಎರಡರಲ್ಲಿ ಉತ್ತಮವಾದದ್ದನ್ನು ಲೆಕ್ಕಕ್ಕೆ ಹಾಕಿ.

ಹಂತ 3: ಪೋಲಾಗುವ ಡ್ಯಾಮೇಜ್

ಈ ಹಂತವನ್ನು ಬಿಟ್ಟವರ ಲೆಕ್ಕ ಸಣ್ಣದಾಗಿ ತಪ್ಪುವುದಿಲ್ಲ, ದೊಡ್ಡದಾಗಿ ತಪ್ಪುತ್ತದೆ. ಸಾಮಾನ್ಯ ಡ್ಯಾಮೇಜ್ ಒಂದು ಮಾಡೆಲ್‌ನಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಒಬ್ಬನನ್ನು ಕೊಂದು ಉಳಿದದ್ದು ಮಣ್ಣುಪಾಲು.

ಫಿರಂಗಿ ತುಕಡಿ ಕವಚದ ಕಾಲಾಳುಗಳ ಮೇಲೆ: 6 × 4/6 = 4 ಹಿಟ್. ಬಲ 9 ಗಟ್ಟಿತನ 4ರ ಎರಡರಷ್ಟನ್ನು ದಾಟಿದೆ, 2+: 3.33. ಸೇವ್ 6ಕ್ಕೆ ಇಳಿದಿದೆ: 3.33 × 5/6 = 2.78. ಈಗ ಅವಸರದ ಲೆಕ್ಕ ಹೀಗೆ ಹೋಗುತ್ತದೆ: 2.78 × 3 ಡ್ಯಾಮೇಜ್ = 8.33, ಎರಡೆರಡು ವೂಂಡ್‌ನಂತೆ ಭಾಗಿಸಿದರೆ 4.17 ಮಾಡೆಲ್. ನಿಜವಾಗಿ ಸಾಯುವುದು 2.78 ಮಾಡೆಲ್ ಮಾತ್ರ, ಏಕೆಂದರೆ ಪ್ರತಿ ಏಟೂ ಒಬ್ಬನನ್ನೇ ಕೊಂದು ಒಂದು ಡ್ಯಾಮೇಜನ್ನು ಚೆಲ್ಲುತ್ತದೆ. ಅವಸರದ ಉತ್ತರ ಒಂದೂವರೆ ಪಟ್ಟು ಉಬ್ಬಿದೆ.

ಡ್ಯಾಮೇಜ್ ಸ್ಥಿರವಾಗಿದ್ದರೆ ಕೇಳಬೇಕಾದದ್ದು ಒಂದೇ: ಈ ಮಾಡೆಲ್ ಬೀಳಲು ಎಷ್ಟು ಏಟು ಬೇಕು? ಭಾಗಿಸಿ, ಮೇಲಿನ ಪೂರ್ಣಾಂಕಕ್ಕೆ ಏರಿಸಿ. 3 ವೂಂಡ್‌ನ ಮಾಡೆಲ್‌ಗೆ ಡ್ಯಾಮೇಜ್ 2ರ ಆಯುಧ ಎರಡು ಏಟು ಕೇಳುತ್ತದೆ. 2 ವೂಂಡ್‌ನವನಿಗೆ ಒಂದೇ ಸಾಕು. ಅದೇ ಆಯುಧ ಎರಡನೆಯವನ ಎದುರು ಎರಡು ಪಟ್ಟು ಜನರನ್ನು ಬೀಳಿಸುತ್ತದೆ.

ಡ್ಯಾಮೇಜೂ ದಾಳದ ಮೇಲೆ ನಿಂತಿದ್ದರೆ ಸ್ವಲ್ಪ ನಿಧಾನಿಸಬೇಕು. ಡಿ3 (1ರಿಂದ 3ರವರೆಗಿನ ಗರ; ಡಿ6 ಅಂದರೆ 1ರಿಂದ 6) ಡ್ಯಾಮೇಜ್‌ನ ಸರಾಸರಿ 2, ಎದುರಿನವನಿಗೆ 2 ವೂಂಡ್. ಏಟಿಗೊಬ್ಬ ಎಂದು ತೋರುತ್ತದೆ. ಬಿಡಿಸಿ ನೋಡಿ. ಡಿ3ರಲ್ಲಿ 2 ಅಥವಾ 3 ಬೀಳುವ ಸಂಭವ 2/3, ಆಗ ಒಂದೇ ಏಟಿಗೆ ಸಾವು. 1 ಬೀಳುವ ಸಂಭವ 1/3, ಆಗ ಇನ್ನೊಂದು ಏಟು ಬೇಕು. ಒಬ್ಬನಿಗೆ ಬೇಕಾಗುವ ಸರಾಸರಿ ಏಟು: 2/3 × 1 + 1/3 × 2 = 4/3. ಅಂದರೆ ಏಟಿಗೆ 0.75 ಮಾಡೆಲ್. ಡಿ6 ಡ್ಯಾಮೇಜ್ 3 ವೂಂಡ್‌ನವನ ಮೇಲೆ ಇನ್ನೂ ಮೋಸದ್ದು: 3.5ನ್ನು 3ರಿಂದ ಭಾಗಿಸಿದರೆ ಏಟಿಗೆ 1.17 ಬರುತ್ತದೆ, ಸರಿಯಾದದ್ದು 36/49, ಅಂದರೆ 0.73. ಈ ಉತ್ತರ ಬರುವ ದಾರಿ ಕೆಳಗಿನಿಂದ ಮೇಲಕ್ಕೆ. 1 ವೂಂಡ್ ಉಳಿದವನಿಗೆ 1 ಏಟು ಸಾಕು. 2 ಉಳಿದವನಿಗೆ 1 + 1/6 × 1 = 7/6. 3 ಉಳಿದವನಿಗೆ 1 + 1/6 × (7/6 + 1) = 49/36. ಎಷ್ಟು ವೂಂಡ್‌ನವನೇ ಇರಲಿ, ಇದೇ ಏಣಿ ಹತ್ತಿದರಾಯಿತು.

ಹಂತ 4: ಎಲ್ಲವನ್ನೂ ಪಾಯಿಂಟ್‌ಗೆ ಇಳಿಸುವುದು

ಆರು ಕಾಲಾಳು ಮತ್ತು ಟ್ಯಾಂಕಿನ ಐದು ವೂಂಡ್, ಯಾವುದು ಹೆಚ್ಚು? ಎರಡನ್ನೂ ಪಾಯಿಂಟ್ ಮಾಡಿದರಷ್ಟೇ ಹೋಲಿಸಬಹುದು. ಕೊಂದ ಮಾಡೆಲ್‌ಗಳನ್ನು ಅವುಗಳ ಬೆಲೆಯಿಂದ ಗುಣಿಸಿ, ನಮ್ಮ ತುಕಡಿಯ ಬೆಲೆಯಿಂದ ಭಾಗಿಸಿ. ಟ್ಯಾಂಕಿನ ಒಂದು ವೂಂಡ್‌ಗೆ 150 ÷ 12 = 12.5 ಪಾಯಿಂಟ್.

ಬಂದೂಕು ತುಕಡಿ, 100 ಪಾಯಿಂಟ್‌ಗೆ:
ಹಗುರ ಕಾಲಾಳು ಮೇಲೆ: 5.93 × 6 = 35.6 ಪಾಯಿಂಟ್, ತನ್ನ ಬೆಲೆಯ 36%.
ಕವಚದ ಕಾಲಾಳು ಮೇಲೆ: 2.22 ವೂಂಡ್, 1.11 ಮಾಡೆಲ್, 22.2 ಪಾಯಿಂಟ್, 22%.
ಟ್ಯಾಂಕ್ ಮೇಲೆ: 0.74 ವೂಂಡ್, 9.3 ಪಾಯಿಂಟ್, 9%.

ಫಿರಂಗಿ ತುಕಡಿ, 120 ಪಾಯಿಂಟ್‌ಗೆ:
ಹಗುರ ಕಾಲಾಳು ಮೇಲೆ: 3.33 ಮಾಡೆಲ್, 20 ಪಾಯಿಂಟ್, 17%.
ಕವಚದ ಕಾಲಾಳು ಮೇಲೆ: 2.78 ಮಾಡೆಲ್, 55.6 ಪಾಯಿಂಟ್, 46%.
ಟ್ಯಾಂಕ್ ಮೇಲೆ: 5 ವೂಂಡ್, 62.5 ಪಾಯಿಂಟ್, 52%.

ಮೊದಲ ಸಾಲುಗಳನ್ನು ಹೋಲಿಸಿದರೆ ಬಂದೂಕು ಎರಡು ಪಟ್ಟು ಮೇಲು, ಕೊನೆಯ ಸಾಲುಗಳಲ್ಲಿ ಫಿರಂಗಿ ಐದೂವರೆ ಪಟ್ಟು ಮೇಲು. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿ ಒಂದೇ ಅಂಕಿ ಮಾಡಬೇಡಿ. ಹಾಗೆ ಮಾಡಿದರೆ ಈ ಪಟ್ಟಿಯಲ್ಲಿದ್ದ ತಿಳಿವಳಿಕೆಯೆಲ್ಲ ಅಳಿಸಿಹೋಗುತ್ತದೆ. ಎದುರಿಗೆ ಬರುವ ಸೈನ್ಯಗಳಲ್ಲಿ ಯಾವ ಗುರಿ ಎಷ್ಟಿರುತ್ತದೆ ಎಂಬ ಅಂದಾಜು ನಿಮಗಿದ್ದರೆ ಆ ಪಾಲಿನ ಪ್ರಕಾರ ತೂಕ ಕೊಟ್ಟು ಕೂಡಿಸಬಹುದು. ಅಂದಾಜೇ ಇಲ್ಲದಿದ್ದರೆ ಮೂರು ಸಾಲನ್ನೂ ಬೇರೆ ಬೇರೆಯಾಗಿಯೇ ಇಟ್ಟುಕೊಳ್ಳಿ.

ಹಂತ 5: ರೀರೋಲ್, +1, ಮತ್ತು ಆರು ಬಿದ್ದಾಗಿನ ಲಾಭ

1 ಬಿದ್ದದ್ದನ್ನು ಮಾತ್ರ ಮತ್ತೆ ಎಸೆಯುವ ಅವಕಾಶ ಇದ್ದರೆ ಫಲಿತಾಂಶವನ್ನು 7/6 ರಿಂದ ಗುಣಿಸಿ. 2+ ಇರಲಿ, 5+ ಇರಲಿ, ಲಾಭ ಒಂದೇ: ಸುಮಾರು 17%.

ತಪ್ಪಿದ್ದನ್ನೆಲ್ಲ ಮತ್ತೆ ಎಸೆಯಬಹುದಾದರೆ ಲಾಭ ತಪ್ಪುವ ಭಾಗದಷ್ಟು. 3+ ಗೆ 33% ಹೆಚ್ಚಳ, 4+ ಗೆ 50%, 5+ ಗೆ 67%. ರೋಲ್‌ಗೆ +1 ಸಿಕ್ಕರೆ 3+ ನಿಂದ 2+ ಗೆ ಹೋಗುವಾಗ ಲಾಭ 25%, 5+ ನಿಂದ 4+ ಗೆ 50%, 6 ರಿಂದ 5+ ಗೆ ಇಮ್ಮಡಿ. ಸಹಾಯ ಕೊಡುವ ನಾಯಕನನ್ನು ಒಳ್ಳೆಯ ಗುರಿಕಾರರ ಪಕ್ಕ ನಿಲ್ಲಿಸುವುದು ರೂಢಿ. ಶೇಕಡಾವಾರು ಲಾಭ ಸಾಧಾರಣ ಗುರಿಕಾರರ ಪಕ್ಕದಲ್ಲೇ ಹೆಚ್ಚು. ಆದರೆ ಶೇಕಡಾ ಮಾತ್ರ ನೋಡಿಯೂ ಕೆಡಬಾರದು, 200 ಪಾಯಿಂಟ್‌ನ ತುಕಡಿಗೆ ಸಿಗುವ 25% ಲಾಭ 60 ಪಾಯಿಂಟ್‌ನ ತುಕಡಿಗೆ ಸಿಗುವ 50% ಲಾಭಕ್ಕಿಂತ ದೊಡ್ಡದು.

10ನೇ ಆವೃತ್ತಿಯಲ್ಲಿ (2023) ಆರಕ್ಕೆ ಅಂಟಿಕೊಂಡ ಆಯುಧಗುಣಗಳು ಬಹಳ. ಸಸ್ಟೇನ್ಡ್ ಹಿಟ್ಸ್ 1 (ಆರು ಬಿದ್ದರೆ ಒಂದು ಹಿಟ್ ಹೆಚ್ಚು) ಇದ್ದರೆ ಹಿಟ್ ಭಾಗಕ್ಕೆ 1/6 ಕೂಡಿಸಿದರಾಯಿತು: 3+ ಗೆ 4/6 ಇದ್ದದ್ದು 5/6. ಲೀಥಲ್ ಹಿಟ್ಸ್ ಹಾಗಲ್ಲ. ಅಲ್ಲಿ ಹಿಟ್ ರೋಲ್‌ನಲ್ಲಿ ಆರು ಬಿದ್ದರೆ ವೂಂಡ್ ರೋಲ್ ಬೇಕಿಲ್ಲ, ಆದ್ದರಿಂದ ಎಳೆಯನ್ನು ಎರಡಾಗಿ ಸೀಳಬೇಕು: ಆರಲ್ಲದ ಹಿಟ್‌ಗಳು ವೂಂಡ್ ರೋಲ್ ಮೂಲಕ ಹೋಗುತ್ತವೆ, ಆರುಗಳು ನೇರ ಸೇವ್‌ಗೆ.

ನಮ್ಮ ಬಂದೂಕು ತುಕಡಿಗೆ ಲೀಥಲ್ ಹಿಟ್ಸ್ ಕೊಟ್ಟು ನೋಡೋಣ. ಹಗುರ ಕಾಲಾಳುಗಳ ಎದುರು ಶಾಟ್‌ಗೆ 3/6 × 4/6 + 1/6 = 0.5 ವೂಂಡ್, ಮೊದಲು 0.444 ಇತ್ತು. ಲಾಭ ಬರೀ 12.5%. ಟ್ಯಾಂಕಿನ ಎದುರು 3/6 × 1/6 + 1/6 = 0.25, ಮೊದಲು 0.111. ಎರಡೂಕಾಲು ಪಟ್ಟು. ಅದೇ ತುಕಡಿ, ಅದೇ ಗುಣ. ಗುರಿ ಬದಲಾದಂತೆ ಆ ಗುಣದ ಬೆಲೆಯೂ ಬದಲಾಯಿತು.

ಇದರ ಜೊತೆ ಯಾವ ಹಿಟ್ ರೋಲನ್ನಾದರೂ ಮತ್ತೆ ಎಸೆಯುವ ಅವಕಾಶವೂ ಇದ್ದರೆ ಒಂದು ಸೂಕ್ಷ್ಮ ಆಯ್ಕೆ ಎದುರಾಗುತ್ತದೆ. 3, 4, 5 ಬಿದ್ದು ಹಿಟ್ ಆಗಿಯೇ ಇದೆ. ಅದನ್ನು ಇಟ್ಟುಕೊಳ್ಳಬೇಕೋ, ಆರರ ಆಸೆಗೆ ಮತ್ತೆ ಎಸೆಯಬೇಕೋ? ಟ್ಯಾಂಕಿನ ಎದುರು: ತಪ್ಪಿದ್ದನ್ನಷ್ಟೇ ಎಸೆದರೆ 0.25 × 4/3 = 0.333. ಆರಲ್ಲದ್ದನ್ನೆಲ್ಲ ಎಸೆದರೆ ಆರು ಬೀಳುವ ಒಟ್ಟು ಸಂಭವ 11/36, ಆರಲ್ಲದ ಹಿಟ್ 5/6 × 3/6 = 0.417, ಅದರ ಆರನೇ ಒಂದು ಭಾಗ ಸೇರಿ 0.375. ಎಸೆಯುವುದೇ ಲೇಸು. ಹಗುರ ಕಾಲಾಳುಗಳ ಎದುರು ಇದೇ ಲೆಕ್ಕ ತಿರುಗಿ ಬೀಳುತ್ತದೆ: ಇಟ್ಟುಕೊಂಡರೆ 0.667, ಎಸೆದರೆ 0.583. ದಾಳ ಕೈಗೆ ತೆಗೆದುಕೊಳ್ಳುವ ಮೊದಲೇ ಇದನ್ನು ತೀರ್ಮಾನಿಸಿಕೊಂಡಿರಿ. ಬಿದ್ದ ಗರ ಕಣ್ಣೆದುರಿಗಿದ್ದಾಗ ಆಸೆ ಲೆಕ್ಕವನ್ನು ಕೆಡಿಸುತ್ತದೆ.

ಹಂತ 6: ಸರಾಸರಿ ಹೇಳದೆ ಬಿಡುವ ಮಾತು

ಇಲ್ಲಿಯವರೆಗೆ ಸಿಕ್ಕಿದ್ದೆಲ್ಲ ಸರಾಸರಿ. ಫಿರಂಗಿ ತುಕಡಿ ಟ್ಯಾಂಕಿನಿಂದ ಸರಾಸರಿ 5 ವೂಂಡ್ ಕೀಳುತ್ತದೆ, ಟ್ಯಾಂಕಿಗೆ 12 ಇವೆ. ಹಾಗಾದರೆ ಎರಡು ತುಕಡಿಗೆ ಹತ್ತು, ಇನ್ನು ಚೂರು ಅದೃಷ್ಟವಿದ್ದರೆ ಸಾಕು ಅನ್ನಿಸುತ್ತದೆ. ಎಷ್ಟು ಅದೃಷ್ಟ ಎಂಬುದನ್ನು ಸರಾಸರಿ ಹೇಳುವುದಿಲ್ಲ.

ಮೊದಲು ಒಂದು ಹಳೆಯ ತಪ್ಪನ್ನು ದಾಟಿಕೊಳ್ಳೋಣ. 17ನೇ ಶತಮಾನದ ಫ್ರಾನ್ಸಿನಲ್ಲಿ ಶೆವಾಲಿಯೆ ದ ಮೆರೆಯ ಹೆಸರಿನೊಂದಿಗೆ ಸೇರಿಕೊಂಡ ಒಂದು ಪ್ರಸಿದ್ಧ ದಾಳದ ಸಮಸ್ಯೆ ಇದೆ. ಒಂದು ದಾಳವನ್ನು 4 ಸಲ ಎಸೆದು ಒಂದಾದರೂ ಆರು ಬೀಳಿಸುವುದಕ್ಕೂ, ಎರಡು ದಾಳವನ್ನು 24 ಸಲ ಎಸೆದು ಒಂದಾದರೂ ಜೋಡಿ ಆರು ಬೀಳಿಸುವುದಕ್ಕೂ ಸಮಾನ ಸಂಭವ ಇರಬೇಕೆಂದು ಕಾಣುತ್ತದೆ, ಏಕೆಂದರೆ 4/6 ಮತ್ತು 24/36 ಒಂದೇ. ಆದರೆ ಮೊದಲನೆಯದು 51.8%, ಎರಡನೆಯದು 49.1%. ಪಾಸ್ಕಲ್ ಮತ್ತು ಫೆರ್ಮಾ 1654ರಲ್ಲಿ ಬರೆದುಕೊಂಡ ಪತ್ರಗಳಿಂದ ಸಂಭವನೀಯತೆಯ ಗಣಿತ ನೆಲೆ ಕಂಡುಕೊಂಡಿತು. ಒಂದೊಂದು ಎಸೆತದ ಸಂಭವವನ್ನು ಸುಮ್ಮನೆ ಕೂಡಿಸುತ್ತಾ ಹೋಗಬಾರದು ಎಂಬುದೇ ಇಲ್ಲಿಯ ಪಾಠ. 'ಒಂದಾದರೂ' ಬೇಕಿದ್ದಾಗ ಒಂದೂ ಆಗದ ಸಂಭವವನ್ನು ಕಂಡುಹಿಡಿದು 1ರಿಂದ ಕಳೆಯಬೇಕು: 1 − (5/6)⁴ = 0.518.

ಫಿರಂಗಿಯ ಒಂದು ಶಾಟ್ ಟ್ಯಾಂಕಿಗೆ ತಾಗಿ ಸೇವ್ ದಾಟುವ ಸಂಭವ 4/6 × 3/6 × 5/6 = 0.278. 6 ಶಾಟ್‌ನಲ್ಲಿ ಒಂದಾದರೂ ದಾಟುವುದು 1 − 0.722⁶ = 86%. ಗೀರುವುದಕ್ಕೆ ಧಾರಾಳವಾಗಿ ಸಾಕು. ಕೊಲ್ಲುವುದಕ್ಕೆ? 12 ವೂಂಡ್, ಏಟಿಗೆ 3, ಅಂದರೆ 4 ಏಟು ದಾಟಬೇಕು. ಇದಕ್ಕೆ ದ್ವಿಪದ ವಿತರಣೆ ಬೇಕು. ಇಷ್ಟು ಏಟು ಸರಿಯಾಗಿ ದಾಟುವ ಸಂಭವ = ಆ ಏಟುಗಳನ್ನು ಆರಿಸುವ ವಿಧಗಳ ಸಂಖ್ಯೆ × ದಾಟುವ ಸಂಭವ ಅಷ್ಟು ಸಲ × ದಾಟದ ಸಂಭವ ಉಳಿದಷ್ಟು ಸಲ. 6ರಲ್ಲಿ 4 ದಾಟಲು 15 ವಿಧ, 5ಕ್ಕೆ 6 ವಿಧ, 6ಕ್ಕೆ ಒಂದೇ ವಿಧ. ಮೂರನ್ನೂ ಲೆಕ್ಕ ಹಾಕಿ ಕೂಡಿಸಿದರೆ 5.4%.

ಎರಡು ತುಕಡಿ, 12 ಶಾಟ್: 44%. ಮೂರು ತುಕಡಿ, 18 ಶಾಟ್: 78%.

ಈ ಮೂರು ಅಂಕಿಗಳ ಎದುರು ತುಸು ಹೊತ್ತು ಕೂರಿ. ಸರಾಸರಿ 5, 10, 15 ಎಂದು ಸಮವಾಗಿ ಏರಿತು. ಕೊಲ್ಲುವ ಸಂಭವ 5, 44, 78 ಎಂದು ಏರಿತು. ಮೊದಲ ತುಕಡಿ ಒಂದೇ ಇದ್ದಾಗ ಆ ಕೆಲಸಕ್ಕೆ ಬಹುಪಾಲು ನಿರುಪಯೋಗಿ, ಎರಡನೆಯದು ಬಂದಾಗ ಆಟವೇ ಬದಲಾಯಿತು, ಮೂರನೆಯದು ಮತ್ತೆ ಸ್ವಲ್ಪ ಕಡಿಮೆ ಕೊಟ್ಟಿತು. 'ಟ್ಯಾಂಕ್ ವಿರೋಧಿ ಆಯುಧ ಒಂದಿದೆಯಲ್ಲ' ಎಂದು ಸಮಾಧಾನಪಟ್ಟುಕೊಂಡ ಪಟ್ಟಿಗಳು ಸೋಲುವುದು ಇದಕ್ಕೇ. ಗಾಯಗೊಂಡು ಉಳಿದ ಟ್ಯಾಂಕ್ ಮುಂದಿನ ಸರದಿಯಲ್ಲಿ ಮತ್ತೆ ಹಾರಿಸುತ್ತದೆ.

ಸರಾಸರಿ ಕಡಿಮೆ ತೋರಿದರೂ ಸಂಭವ ನಮ್ಮ ಕಡೆಗಿರುವ ಸಂದರ್ಭಗಳೂ ಉಂಟು. ಕವಚದ ಕಾಲಾಳು ಮೂವರೇ ಉಳಿದಿದ್ದಾರೆ, ಫಿರಂಗಿ ತುಕಡಿಯ ಸರಾಸರಿ 2.78. ಮೂರಕ್ಕಿಂತ ಕಡಿಮೆ ಇದೆಯಲ್ಲ ಎಂದು ಹಿಂಜರಿಯಬೇಡಿ: ಒಂದು ಶಾಟ್‌ನ ಸಂಭವ 0.463, ಆರರಲ್ಲಿ ಮೂರಾದರೂ ದಾಟುವುದು 58%.

ಏರಿಳಿತ ಎಷ್ಟು ಎಂಬುದಕ್ಕೆ ಬೇಗ ಸಿಗುವ ಅಳತೆ ಮಾನಕ ವಿಚಲನೆ: ಶಾಟ್ ಸಂಖ್ಯೆ × ದಾಟುವ ಸಂಭವ × ದಾಟದ ಸಂಭವ, ಇದರ ವರ್ಗಮೂಲ. ಬಂದೂಕು ತುಕಡಿ ಹಗುರ ಕಾಲಾಳುಗಳ ಮೇಲೆ: ಸರಾಸರಿ 5.93, ವಿಚಲನೆ 2.04. ಹೆಚ್ಚಿನ ಸಲ 4 ಮತ್ತು 8ರ ನಡುವೆ. ಫಿರಂಗಿ ಟ್ಯಾಂಕ್ ಮೇಲೆ: ಸರಾಸರಿ 5 ವೂಂಡ್, ಏಟುಗಳ ವಿಚಲನೆ 1.1, ಏಟಿಗೆ 3ರಂತೆ ವೂಂಡ್‌ಗಳಲ್ಲಿ 3.3. ಕಡಿಮೆ ಶಾಟ್, ದೊಡ್ಡ ಡ್ಯಾಮೇಜ್ ಇರುವಲ್ಲಿ ಈ ಓಲಾಟ ಇದ್ದೇ ಇರುತ್ತದೆ. ಶಾಟ್‌ಗಳ ಸಂಖ್ಯೆಯೇ ಡಿ6 ಆಗಿದ್ದರೆ ಇನ್ನೂ ಹೆಚ್ಚು, 3.5 ಎಂಬ ಸರಾಸರಿ ನೆಮ್ಮದಿ ಕೊಟ್ಟರೂ ಆರು ಸಲಕ್ಕೊಮ್ಮೆ ಒಂದೇ ಶಾಟ್ ಸಿಗುತ್ತದೆ.

ಹಂತ 7: ತಾಳಿಕೆಯ ಲೆಕ್ಕ

ಇದೇ ಸರಪಳಿಯನ್ನು ತಿರುಗಿಸಿ ಹಿಡಿಯಿರಿ: ಎದುರಾಳಿಯ ಒಂದು ಶಾಟ್‌ಗೆ ನಮ್ಮದು ಎಷ್ಟು ಪಾಯಿಂಟ್ ಹೋಗುತ್ತದೆ? ಬಂದೂಕಿನ ಒಂದು ಶಾಟ್‌ಗೆ ಹಗುರ ಕಾಲಾಳು 1.78, ಕವಚದ ಕಾಲಾಳು 1.11, ಟ್ಯಾಂಕ್ 0.46 ಪಾಯಿಂಟ್ ಕಳೆದುಕೊಳ್ಳುತ್ತವೆ. ಫಿರಂಗಿಯ ಒಂದು ಶಾಟ್‌ಗೆ ಕ್ರಮವಾಗಿ 3.33, 9.26, 10.42. ಫಿರಂಗಿಗಳೇ ತುಂಬಿದ ಸೈನ್ಯದ ಎದುರು ಅಗ್ಗದ ಕಾಲಾಳುಗಳೇ ಗಟ್ಟಿ ಗೋಡೆ.

ಸೇವ್ ಒಂದು ಮೆಟ್ಟಿಲು ಸುಧಾರಿಸಿದರೆ ಸಿಗುವ ಲಾಭ ಹಿಟ್‌ಗೆ ತದ್ವಿರುದ್ಧ. 6+ ನಿಂದ 5+ ಗೆ ಬಂದರೆ ನಷ್ಟ 20% ಇಳಿಯುತ್ತದೆ, 5+ ನಿಂದ 4+ ಗೆ ಬಂದರೆ 25%, 3+ ನಿಂದ 2+ ಗೆ ಬಂದರೆ ನಷ್ಟ ಅರ್ಧಕ್ಕರ್ಧ. ಸೇವ್ ರೋಲ್‌ಗೆ +1 ಕೊಡುವ ಮರೆ (ಗೋಡೆ, ಮರಗಳ ಆಸರೆ) ಒಳ್ಳೆಯ ಕವಚದವರಿಗೇ ಹೆಚ್ಚು ಫಲ ಕೊಡುತ್ತದೆ. 40,000ದ 10ನೇ ಆವೃತ್ತಿಯಲ್ಲಿ 3+ ಅಥವಾ ಅದಕ್ಕಿಂತ ಒಳ್ಳೆಯ ಸೇವ್ ಇರುವವರಿಗೆ ಎಪಿ 0 ದಾಳಿಯ ಎದುರು ಮರೆಯ ಲಾಭ ಇಲ್ಲ. ಈ ಅಂಕಿಗಳನ್ನು ನೋಡಿದವರಿಗೆ ಆ ನಿಯಮ ನ್ಯಾಯವಾಗಿಯೇ ಕಾಣುತ್ತದೆ.

ಪಾಯಿಂಟ್ ಬೆಲೆ ಹೇಗೆ ಕಟ್ಟಿದ್ದಾರೆ ಎಂದು ನೋಡಲು ಬೋಲ್ಟ್ ಆ್ಯಕ್ಷನ್ ಎಂಬ ಇನ್ನೊಂದು ಯುದ್ಧದಾಟ ಒಳ್ಳೆಯ ಉದಾಹರಣೆ. ಅದರ 2ನೇ ಆವೃತ್ತಿಯ ಸಾಮಾನ್ಯ ಪಟ್ಟಿಗಳಲ್ಲಿ ಹೊಸಬ ಸೈನಿಕ 7, ಸಾಧಾರಣ ಸೈನಿಕ 10, ಅನುಭವಿ 13 ಪಾಯಿಂಟ್. ಹಿಟ್ ಆದಮೇಲೆ ಸಣ್ಣ ಆಯುಧಗಳಿಗೆ ಅವರನ್ನು ಬೀಳಿಸಲು ಕ್ರಮವಾಗಿ 3+, 4+, 5+ ಬೇಕು. ಒಂದು ಹಿಟ್‌ಗೆ ಹೋಗುವ ಪಾಯಿಂಟ್: 4.67, 5, 4.33. ಎಷ್ಟು ಹತ್ತಿರ ಹತ್ತಿರ! ತಾಳಿಕೆಯಲ್ಲಿ ಅನುಭವಿ ಸ್ವಲ್ಪ ಮೇಲು, ಆದರೆ ಅದೇ ಪಾಯಿಂಟ್‌ಗೆ ಬಂದೂಕುಗಳ ಸಂಖ್ಯೆ ಕಡಿಮೆ.

ಹಂತ 8: ಗುರಿ ತಲುಪುವ ಸಂಭವ

ಕೈಕೈ ಮಿಲಾಯಿಸುವ ತುಕಡಿಯ ಲೆಕ್ಕಕ್ಕೆ ಚಾರ್ಜ್ (ಎದುರಾಳಿಯ ಮೇಲೆ ನುಗ್ಗುವುದು) ಯಶಸ್ವಿಯಾಗುವ ಸಂಭವವನ್ನೂ ಗುಣಿಸಬೇಕು. ಎರಡು ದಾಳ ಎಸೆದು ಬಂದ ಮೊತ್ತದಷ್ಟು ಇಂಚು ನುಗ್ಗಬಹುದು. ಎರಡು ದಾಳದ ಮೊತ್ತ 6 ಅಥವಾ ಹೆಚ್ಚು ಬೀಳುವುದು 72%, 7 ಅಥವಾ ಹೆಚ್ಚು 58%, 8ಕ್ಕೆ 42%, 9ಕ್ಕೆ 28%. ಮತ್ತೆ ಎಸೆಯುವ ಅವಕಾಶ ಇದ್ದರೆ 9ರ ಸಂಭವ 48%ಕ್ಕೆ ಏರುತ್ತದೆ. 60 ಪಾಯಿಂಟ್ ಕೊಲ್ಲಬಲ್ಲ ತುಕಡಿ 9 ಇಂಚು ದೂರದಿಂದ ಚಾರ್ಜ್ ಮಾಡಿದರೆ ಅದರ ನಿಜವಾದ ಸರಾಸರಿ 17 ಪಾಯಿಂಟ್‌ನ ಆಸುಪಾಸು. ಮುಂದಿನ ಸರದಿಯವರೆಗೆ ಬಯಲಲ್ಲಿ ನಿಂತು ತಿನ್ನುವ ಗುಂಡು ಬೇರೆ.

ಹಾಗೆಯೇ ದೂರ ಹಾರಿಸುವ ಆಯುಧ ಮೊದಲ ಸರದಿಯಿಂದಲೇ ಕೆಲಸ ಮಾಡುತ್ತದೆ, 12 ಇಂಚಿನದ್ದು ಹತ್ತಿರ ಬರುವವರೆಗೆ ಸುಮ್ಮನಿರುತ್ತದೆ. ಒಂದು ಸರದಿಯ ಅಂಕಿಯನ್ನು ಅದು ನಿಜವಾಗಿ ಹಾರಿಸಬಹುದಾದ ಸರದಿಗಳಿಂದ ಗುಣಿಸಿ ನೋಡಿ. ನೆಲ ಹಿಡಿಯುವುದು, ದಾರಿ ಅಡ್ಡಗಟ್ಟುವುದು ಈ ಲೆಕ್ಕದಲ್ಲಿ ಬರುವುದಿಲ್ಲ. ಅದಕ್ಕೆಂದೇ ತೆಗೆದುಕೊಂಡ ಅಗ್ಗದ ತುಕಡಿಯನ್ನು ಕೊಲ್ಲುವ ಶಕ್ತಿಯಿಂದ ಅಳೆದು ಪಟ್ಟಿಯಿಂದ ಕಿತ್ತುಹಾಕಬೇಡಿ.

ಹಂತ 9: ಸ್ಪ್ರೆಡ್‌ಶೀಟಿನಲ್ಲಿ ಕೂರಿಸುವುದು

ಒಂದು ಸಾಲಿಗೆ ಒಂದು ಆಯುಧ. ಕಾಲಂಗಳು: ಶಾಟ್, ಹಿಟ್ ಭಾಗ, ವೂಂಡ್ ಭಾಗ, ಸೇವ್ ತಪ್ಪುವ ಭಾಗ, ಒಬ್ಬನಿಗೆ ಬೇಕಾದ ಸರಾಸರಿ ಏಟು, ಗುರಿಯ ತಲಾ ಬೆಲೆ, ನಮ್ಮ ಬೆಲೆ. ಗುರಿಗೊಂದು ಹಾಳೆ ಇಟ್ಟುಕೊಂಡರೆ ಒಳ್ಳೆಯದು. ಭಾಗಗಳನ್ನು ಕೈಯಲ್ಲಿ ಬರೆಯದೆ 'ಬೇಕಾದ ಗರ'ವನ್ನಷ್ಟೇ ಬರೆದು, 7ರಿಂದ ಅದನ್ನು ಕಳೆದು 6ರಿಂದ ಭಾಗಿಸುವಂತೆ ಸೂತ್ರ ಹಾಕಿ: 3+ ಗೆ (7 − 3) ÷ 6. ಹಿಟ್ ಮತ್ತು ವೂಂಡ್ ರೋಲ್‌ಗಳ ಉತ್ತರವನ್ನು 1/6 ಮತ್ತು 5/6ರ ನಡುವೆ ಕಟ್ಟಿಹಾಕಿ, ಏಕೆಂದರೆ ದಾಳದ ಮೇಲೆ 1 ಬಿದ್ದರೆ ಯಾವಾಗಲೂ ಸೋಲು, 6 ಬಿದ್ದರೆ ಯಾವಾಗಲೂ ಗೆಲುವು. ಸೇವ್‌ನಲ್ಲಿ ಆರಕ್ಕೆ ಆ ಭರವಸೆ ಇಲ್ಲ, ಆದ್ದರಿಂದ ಅಲ್ಲಿ ಗೆಲ್ಲುವ ಭಾಗದ ಕೆಳಮಿತಿ 0; ಅದನ್ನು 1ರಿಂದ ಕಳೆದರೆ ತಪ್ಪುವ ಭಾಗ. ಈ ಒಂದು ವ್ಯತ್ಯಾಸ ಮರೆತರೆ ಎಪಿ ಹೆಚ್ಚಿರುವ ಆಯುಧಗಳ ಸಾಲೆಲ್ಲ ತಪ್ಪಾಗುತ್ತದೆ.

ಕೊಲ್ಲುವ ಸಂಭವಕ್ಕೆ ಬೈನಾಮ್ ಡಿಸ್ಟ್ (BINOM.DIST) ಎಂಬ ಸಿದ್ಧ ಸೂತ್ರ ಇದೆ. ಅದಕ್ಕೆ ನಾಲ್ಕು ಅಂಶ ಕೊಡಬೇಕು: ಬೇಕಾದ ಏಟಿಗಿಂತ ಒಂದು ಕಡಿಮೆ, ಒಟ್ಟು ಶಾಟ್, ಒಂದು ಶಾಟ್‌ನ ಸಂಭವ, ಮತ್ತು ಸಂಚಿತ ಮೊತ್ತ ಬೇಕೆಂದು ಸೂಚಿಸುವ ಟ್ರೂ (TRUE). ಬಂದ ಉತ್ತರವನ್ನು 1ರಿಂದ ಕಳೆಯಿರಿ. ಮೊದಲ ಅಂಶದಲ್ಲಿ ಒಂದು ಕಡಿಮೆ ಮಾಡುವುದನ್ನು ಮರೆತರೆ ನಾಲ್ಕು ಏಟಿನ ಬದಲು ಐದು ಏಟಿನ ಸಂಭವ ಬರುತ್ತದೆ. 3, 6, 0.2778 ಹಾಕಿ ನೋಡಿ. 1ರಿಂದ ಕಳೆದ ಮೇಲೆ 0.054 ಬಂದರೆ ಹಾಳೆ ಸರಿಯಾಗಿದೆ.

ಡಿ6 ಡ್ಯಾಮೇಜ್, ರೀರೋಲ್, ಲೀಥಲ್ ಹಿಟ್ಸ್ ಎಲ್ಲ ಒಟ್ಟಿಗೆ ಬಂದಾಗ ಸೂತ್ರ ಕೈಮೀರುತ್ತದೆ. ಆಗ ಕಂಪ್ಯೂಟರ್‌ಗೇ ದಾಳ ಎಸೆಯಲು ಬಿಟ್ಟು ಎಣಿಸುವುದು ಸುಲಭ. 100 ಸಲ ಎಸೆದು ನಿಲ್ಲಿಸಬೇಡಿ: 50% ಸುತ್ತಮುತ್ತಲಿನ ಸಂಭವಕ್ಕೆ ಅಲ್ಲಿ ಮಾನಕ ದೋಷವೇ 5 ಶೇಕಡಾಂಶ, ಎರಡು ತುಕಡಿಗಳ ನಡುವಿನ ವ್ಯತ್ಯಾಸ ಅದರಲ್ಲೇ ಮುಳುಗಿಹೋಗುತ್ತದೆ. 10,000 ಸಲ ಎಸೆದರೆ ದೋಷ ಅರ್ಧ ಶೇಕಡಾಂಶಕ್ಕೆ ಇಳಿಯುತ್ತದೆ. ಮೊದಲು ವಿಶೇಷ ಗುಣಗಳಿಲ್ಲದ ಒಂದು ಸಾದಾ ಆಯುಧವನ್ನು ಅದರಲ್ಲಿ ಓಡಿಸಿ, ಕೈಯಲ್ಲಿ ಮಾಡಿದ ಲೆಕ್ಕಕ್ಕೆ ತಾಳೆ ನೋಡಿ, ಆಮೇಲೆ ಗುಣಗಳನ್ನು ಒಂದೊಂದಾಗಿ ಸೇರಿಸಿ.